‘ತಿರ್ಲಾಪುರ’ ಎಂದು ಬರೆಸಿ ನೋಡಿ

ಹೊಸ ಲ್ಯಾಪ್‌ಟಾಪಿಗೆ ಅಂಗಡಿಯವರೇ ವಿಂಡೋಸ್ ಹಾಕಿ ಕೊಡುವುದನ್ನು ದೊಡ್ಡ ಉಪಕಾರವೆಂದು ಹೊಗಳುವ ರೂಢಿ ನಮ್ಮಲ್ಲಿದೆ. ‘ಎಲ್ಲಾ ಹಾಕೇವ್ರಿ, ಆನ್ ಮಾಡಿದ್ರ ಆತು.’ ಈ ಹೊಗಳಿಕೆ ಅತಿಯಾಯಿತು. ಕಳ್ಳಪ್ರತಿಯ ಮಾತು ಎಲ್ಲರಿಗೂ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ನವಲಗುಂದ ತಾಲೂಕಿನ ತಿರ್ಲಾಪುರದ ವಿದ್ಯಾರ್ಥಿನಿ ಆ ಮಶೀನಿನಲ್ಲಿ ತನ್ನೂರಿನ ಹೆಸರು ಬರೆಯಲಿ. ಯೂನಿಕೋಡ್‌ನಲ್ಲಿ ರ ಮೊದಲು, ಆಮೇಲೆ ಹಲಂತ, ಆಮೇಲೆ ಲ. ಇದನ್ನು ಓದಿಕೊಂಡು ‘ಲಾ’ದ ಬಲಕ್ಕೆ ಅರ್ಕಾವತ್ತು ಕೂರಿಸುವುದು ಆಪರೇಟಿಂಗ್ ಸಿಸ್ಟಮ್ಮಿನ ಕೆಲಸ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇತ್ತು. ಆದರೆ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಸಂಕೀರ್ಣ ಲಿಪಿಯ ಚೌಕಕ್ಕೆ ಟಿಕ್ ಹಾಕಿ, ಸೀಡಿಯಿಂದ ಫೈಲು ತುಂಬಿಸದಿದ್ದರೆ ಒತ್ತಕ್ಷರ ಒಡೆದು ನಿಲ್ಲುತ್ತಿತ್ತು. ಹಾಕಿಕೊಟ್ಟವರು ಆ ಟಿಕ್ ಮರೆತರೆ ಸೀಡಿಯಿಲ್ಲದವರು ಪರದಾಡಬೇಕಿತ್ತು. ವಿಸ್ತಾ ಬಂದ ಮೇಲೆ ಈ ತೊಡಕು ತಪ್ಪಿತು. 2019ರಲ್ಲಿ ವಿಂಡೋಸ್ 10ಕ್ಕೆ ಕನ್ನಡದ ಫೊನೆಟಿಕ್ ಕೀಲಿಮಣೆಯೂ ಬಂತು. ಆದರೂ ಸೆಟಪ್ಪಿನಲ್ಲಿ ಇಂಗ್ಲಿಷ್ ಒತ್ತಿ ಮುಂದೆ ಸಾಗುವವರು ಅದನ್ನು ಸೇರಿಸುವುದಿಲ್ಲ. ಇನ್‌ಸ್ಕ್ರಿಪ್ಟ್ ಕೀಲಿಮಣೆ ಸೇರಿಸಿದರೂ ‘ತ’ ಇರುವುದು ಎಲ್ ಕೀಲಿಯಲ್ಲಿ, ‘ಲ’ ಇರುವುದು ಎನ್ ಕೀಲಿಯಲ್ಲಿ ಎಂದು ಹೇಳಿಕೊಡುವವರಿಲ್ಲ. ಬದಲಿಗೆ ಹಳೆಯ ‘ನುಡಿ’ ತಂತ್ರಾಂಶದ ಐಕಾನ್ ತೋರಿಸಿ ‘ಕನ್ನಡ ಐತ್ರಿ’ ಎನ್ನುತ್ತಾರೆ. ಅದರ ಹಳೆಯ ಫಾಂಟಿನಲ್ಲಿ ಬರೆದ ಅರ್ಜಿಯನ್ನು ಅದಿಲ್ಲದ ಮಶೀನಿನಲ್ಲಿ ತೆರೆದರೆ ಕಾಣುವುದು ತಲೆಯ ಮೇಲೆ ಚುಕ್ಕೆ-ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ.

ಮುಕ್ತ ತಂತ್ರಾಂಶದ ಗೆಳೆಯರು ‘ಲಿನಕ್ಸ್ ಹಾಕಿಕೊಟ್ಟರೆ ಮುಗೀತು’ ಎಂದು ಕೇರಳದ ಶಾಲೆಗಳತ್ತ ಕೈ ತೋರಿಸುತ್ತಾರೆ. ಅರ್ಧ ಒಪ್ಪುತ್ತೇನೆ. ಕೇರಳದವರು ತಮ್ಮ ಶಾಲೆಗಳಿಗೆಂದೇ ಮಲಯಾಳಂ ಸಮೇತ ಒಂದು ಆವೃತ್ತಿ ಕಟ್ಟಿದರು, ಶಿಕ್ಷಕರಿಗೆ ತರಬೇತಿ ಕೊಟ್ಟರು. ಆ ದುಡಿಮೆಯನ್ನು ಬಿಟ್ಟು ಬರೀ ಲಿನಕ್ಸಿನ ಹೆಸರು ಹೇಳಿದರೆ ಏನು ಬಂತು? ಇಂಗ್ಲಿಷ್ ಆರಿಸಿ ಹಾಕಿದ ಉಬುಂಟುವಿನಲ್ಲೂ ಕನ್ನಡ ಕೀಲಿಮಣೆ ತಾನಾಗಿ ಬರುವುದಿಲ್ಲ. ‘ಈಗ ಎಲ್ಲಾ ಮೊಬೈಲಿನಾಗ ಬರೀತಾರ’ ಎನ್ನುವವರ ವಾದ ಇನ್ನೂ ಸಡಿಲು. ಪಂಚಾಯ್ತಿಯ ಠರಾವನ್ನೂ ಎಂ.ಎ. ಪ್ರಬಂಧವನ್ನೂ ಹೆಬ್ಬೆರಳಲ್ಲಿ ಬರೆಯಲು ಹೇಳುತ್ತಾರೆಯೇ?

ಕನ್ನಡ ಬರೆಯಲು ಬಾರದ ಮಶೀನನ್ನು ಸಿದ್ಧವಾಗಿದೆ ಎಂದು ಮಾರುವುದು ಅರೆಗೆಲಸ. ಹಣ ಎಣಿಸುವ ಮುಂಚೆ ನೋಟ್‌ಪ್ಯಾಡ್ ತೆರೆಸಿ ನಿಮ್ಮೂರಿನ ಹೆಸರು ಬರೆಸಿ ನೋಡಿ. ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚುವ ಸರ್ಕಾರ ಇದನ್ನೇ ಟೆಂಡರಿನ ಷರತ್ತಾಗಿ ಸೇರಿಸಲಿ.