ಹಿನ್ನೆಲೆ ಮಸುಕಾದ ಚಿತ್ರಗಳು

ಬೀದಿಯಲ್ಲಿ ಮಲಗಿದವನ, ಕೈ ಒಡ್ಡಿ ಕೂತವಳ ಫೋಟೋ ತೆಗೆಯುವುದು ನಮ್ಮ ಬಳ್ಳಾರಿಯಲ್ಲೂ ಒಂದು ಕಲೆಯಾಗಿದೆ. ದುರ್ಗಮ್ಮನ ಗುಡಿ ಮುಂದ, ರೈಲ್ವೆ ಸ್ಟೇಷನ್ನಿನ ಹೊರಗ, ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರ್ಯಾಗ ಕ್ಯಾಮೆರಾ ಹಿಡಕೊಂಡವರು ಅಡ್ಡಾಡುತ್ತಾರೆ. ಸ್ಪರ್ಧೆಗೆ ಹೋಗುವ ಈ ಚಿತ್ರಗಳ ಲಕ್ಷಣ ನಮಗೆ ಬಾಯಿಪಾಠ: ಸುಕ್ಕುಗಟ್ಟಿದ ಮುಖ, ಅದರ ಮೇಲೆ ಓರೆ ಬೆಳಕು, ಹಿಂದೆ ಎಲ್ಲವೂ ಮಸುಕು, ಕೆಳಗೆ ‘ಹಸಿವು’ ಅಂತಲೋ ‘ನಿರೀಕ್ಷೆ’ ಅಂತಲೋ ಒಂದು ಶೀರ್ಷಿಕೆ. ಕಪ್ಪು-ಬಿಳುಪು ಮಾಡಿದರೆ ಬಡತನ ಇನ್ನೂ ಚೆಂದ ಕಾಣುತ್ತದಂತೆ! ತೆಗೆದವನ ಹೆಸರು ಅಚ್ಚಾಗುತ್ತದೆ. ತೆಗೆಸಿಕೊಂಡವಳಿಗೆ ಹೆಸರೇ ಇರುವುದಿಲ್ಲ.

ನಮ್ಮ ತಕರಾರು ಆ ಮಸುಕಿನ ಮೇಲೆ. ಸಿರುಗುಪ್ಪದ ಸುತ್ತ ತುಂಗಭದ್ರೆಯ ನೀರುಂಡ ಗದ್ದೆಗಳಿವೆ, ಅಕ್ಕಿ ಮಿಲ್ಲುಗಳಿವೆ, ಸೋನಾ ಮಸೂರಿ ಚೀಲ ಹೊತ್ತ ಲಾರಿಗಳಿವೆ. ಅದೇ ಊರಿನಾಗ ತುತ್ತು ಅನ್ನಕ್ಕೆ ಕೈ ಒಡ್ಡಿದ ಮುದುಕಿಯನ್ನು ಹಿಡಿಯುವಾಗ ಮಿಲ್ಲನ್ನು ಮಸುಕು ಮಾಡಿಬಿಟ್ಟರೆ ಉಳಿಯೋದೇನು? ಅವಳ ಹಣೆಬರಹ. ಮಿಲ್ಲು ಸ್ಪಷ್ಟ ಕಂಡರೆ ನೋಡುವವನು ‘ಯಾಕೆ?’ ಅಂತ ಕೇಳಬೇಕಾಗುತ್ತದೆ. ‘ಅಯ್ಯೋ ಪಾಪ’ ಅನ್ನೋದು ಸುಲಭ, ಬಹುಮಾನ ಸಿಗೋದೂ ಅದಕ್ಕೇ.

ಇದು ಮೊಬೈಲಿನಿಂದ ಹುಟ್ಟಿದ ಚಾಳಿ ಅಂತ ಯಾರೂ ತಿಳಿಯಬಾರದು. 1876–78ರ ಧಾತು-ಈಶ್ವರ ಬರದಲ್ಲಿ ಮದ್ರಾಸ್ ಪ್ರಾಂತ್ಯದೊಳಗೆ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆ ಪ್ರಾಂತ್ಯದ ಹಸಿದವರ ಫೋಟೋ ತೆಗೆದವನು ಮದ್ರಾಸ್ ಸೈನ್ಯದ ಅಧಿಕಾರಿ ವಿಲೋಬಿ ವಾಲೇಸ್ ಹೂಪರ್. ಪಕ್ಕೆಲುಬು ಎಣಿಸಬಹುದಾದ ಗಂಡಸರು, ಹೆಂಗಸರು, ಮಕ್ಕಳನ್ನು ಮದುವೆಮನೆಯ ಗ್ರೂಪ್ ಫೋಟೋದಂತೆ ಜೋಡಿಸಿದ್ದಾನೆ. ಆ ಕಾಲದ ಕ್ಯಾಮೆರಾದ ಮುಂದೆ ಅಲುಗಾಡದೆ ಇರಬೇಕಿತ್ತು. ನಿಲ್ಲೋ ತ್ರಾಣ ಇಲ್ಲದವರಿಗೆ ಅದು ಎಂಥ ಆಜ್ಞೆ ನೋಡ್ರಿ! ಇನ್ನು ಆ ಚಿತ್ರಗಳಲ್ಲಿ ಕಾಣದ್ದು ಯಾವುದು? 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಪುಡಿಗಾಸಿನ ಲೆಕ್ಕಕ್ಕೆ ಇಳಿಸಿದ. ಮೈಮುರಿದು ದುಡಿಯುವ ಆಳಿಗೆ ಇದು ಸಾಲದು ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಜಗಳ ತೆಗೆದ. ಪಕ್ಕೆಲುಬು ಚಿತ್ರದಲ್ಲಿದೆ, ಟೆಂಪಲ್ಲನ ತಕ್ಕಡಿ ಇಲ್ಲ.

ಹಾಗಂತ ಹೂಪರನ ಚಿತ್ರಗಳನ್ನು ಸುಡಬೇಕು ಅಂತ ನಾವು ಹೇಳೋದಿಲ್ಲ. ಅವು ಇಲ್ಲದಿದ್ದರೆ ಸತ್ತವರು ಕಡತದ ಅಂಕಿಗಳಾಗಿ ಮುಗಿದುಹೋಗುತ್ತಿದ್ದರು. ಆದರೆ ತೆಗೆದ ಕಣ್ಣು ಎಂಥದು ಅನ್ನೋದನ್ನು ಮರೆಯಬಾರದು. ಮಾಂಡಲೆಯಲ್ಲಿ ಬರ್ಮೀಯರನ್ನು ಗುಂಡಿಕ್ಕಿ ಕೊಲ್ಲುವ ಕ್ಷಣವನ್ನೇ ಹಿಡಿಯಲು ಇದೇ ಮನುಷ್ಯ ಕ್ಯಾಮೆರಾ ಹೂಡಿ ನಿಂತಿದ್ದ ಸುದ್ದಿ 1886ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಗಿ ಗದ್ದಲವಾಯಿತು.

ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಓದಿದವರು ನಾವು. ನಮ್ಮ ಅಜ್ಜಿಯರ ಮುಖ ಕ್ಯಾಮೆರಾಕ್ಕೆ ಬಿದ್ದದ್ದು ರೇಷನ್ ಕಾರ್ಡಿಗೆ, ವೋಟಿನ ಕಾರ್ಡಿಗೆ. ಅದಕ್ಕೂ ತಲಿ ಬಾಚಿಕೊಂಡು, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಹೋಗಿದ್ದರು. ಬೀದಿಯಲ್ಲಿರುವ ಹೆಣ್ಣುಮಗಳಿಗೂ ಆ ಆಸೆ ಇದ್ದೀತು ಅಂತ ಈ ಕಲಾವಿದರಿಗೆ ಯಾಕೆ ಹೊಳೆಯೋದಿಲ್ಲ? ‘ಇದ್ದಂಗ ಇರು ಅವ್ವ, ನಗಬ್ಯಾಡ’ ಅಂತಾರ. ನಕ್ಕರೆ ಚಿತ್ರ ಕೆಡುತ್ತದೆ. ಈಗಂತೂ ಒಂದು ಕೈಯಾಗ ಅನ್ನದ ಪೊಟ್ಟಣ, ಇನ್ನೊಂದರಾಗ ಮೊಬೈಲು; ತಿನ್ನೋ ಮೊದಲು ಕೈ ಮುಗಿಯಬೇಕು, ವಿಡಿಯೋ ಆಗುತ್ತಿರುತ್ತದೆ.

ಇನ್ನೊಂದು ಸಂಗತಿ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಕೈ ಒಡ್ಡಿದವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯಬಹುದು. ಅದರ ಖರ್ಚಿಗೆ ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರ ಉಪಕರವೂ ಇದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರು ಮಾಗಡಿ ರಸ್ತೆಯ ಕೇಂದ್ರದೊಳಗೆ ಸಾಲುಸಾಲಾಗಿ ಜನ ಸತ್ತದ್ದು ದೊಡ್ಡ ಸುದ್ದಿಯಾಯಿತು. ಇಂಥ ಕಾನೂನಿನ ಕೆಳಗೆ, ಕೈ ಒಡ್ಡಿದವಳ ಮುಖ ನೆಟ್ಟಗೆ ಕಾಣುವ ಫೋಟೋ ಪೊಲೀಸರಿಗೆ ಸಾಕ್ಷಿಯೂ ಆದೀತು.

ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಒಂದು ಕಾಲಕ್ಕೆ ಬೀದಿಯಲ್ಲಿ ಬೇಡಿ ಉಂಡವರು. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದು ಹರಸಿದರು. ಆ ಚಿತ್ರ ದೇಶವೆಲ್ಲ ಸುತ್ತಿತು. ಅದರಲ್ಲಿ ಏನು ಮಾಡಬೇಕು ಅಂತ ತೀರ್ಮಾನಿಸಿದವರು ಮಂಜಮ್ಮನೇ. ಕ್ಯಾಮೆರಾಗಳು ಅವರ ಹಿಂದೆ ಓಡಿದವು. ಅವರು ಬೇಡುತ್ತಿದ್ದ ದಿನಗಳಲ್ಲಿ ಯಾವನಾದರೂ ಕ್ಲಿಕ್ಕಿಸಿದ್ದರೆ ಕೆಳಗೆ ಏನು ಬರೆಯುತ್ತಿದ್ದ, ನೀವೇ ಊಹಿಸಿರಿ.

ಈ ಪತ್ರಿಕೆಯ ಮುಖಪುಟಕ್ಕೂ ಬೀದಿಯವರ ಫೋಟೋ ಬರ್ತಾವ. ಕಳಿಸೋ ಗೆಳೆಯರು ತೆಗೆಯುವ ಮುಂಚೆ ಕೇಳಿದರೋ ಇಲ್ಲೋ, ಹೆಸರು ಹಾಕಬೇಕೋ ಬ್ಯಾಡೋ ಅಂತ ಅವರು ಏನಂದರು, ಅವರಿಗೊಂದು ಪ್ರತಿ ಮುಟ್ಟಿತೋ ಇಲ್ಲೋ, ಇಷ್ಟನ್ನು ಹಿಂಬದಿಗೆ ಬರೆದು ಕಳಿಸಿರಿ. ಹಿಂದಿನ ಗೋಡೆ, ಮಿಲ್ಲು, ಬೋರ್ಡು ಓದೋ ಹಂಗ ಇರಲಿ.