ಬುಕ್ಸ್ಟೆಹೂಡೆ: ಉಳಿದ ಸಂಗೀತ, ಅಳಿದ ಸಂಗೀತ

ಪಾಶ್ಚಾತ್ಯ ಸಂಗೀತದ ಚರಿತ್ರೆಗಳಲ್ಲಿ ಡೀಟರಿಖ್ ಬುಕ್ಸ್ಟೆಹೂಡೆಯ ಹೆಸರು ಬಾಖ್‌ನ ನೆರಳಿನಲ್ಲಿಯೇ ಬರುವುದು ರೂಢಿ. 1705ರಲ್ಲಿ ಇಪ್ಪತ್ತರ ಹರೆಯದ ಬಾಖ್, ಆರ್ನ್‌ಸ್ಟಾಟ್‌ನಿಂದ ಲ್ಯೂಬೆಕ್‌ವರೆಗೆ ಸುಮಾರು 400 ಕಿಲೋಮೀಟರ್ ನಡೆದು ಬಂದು, ನಾಲ್ಕು ವಾರಗಳ ರಜೆಯನ್ನು ಸುಮಾರು ನಾಲ್ಕು ತಿಂಗಳಿಗೆ ಹಿಗ್ಗಿಸಿಕೊಂಡ ಕಥೆ ಪ್ರಸಿದ್ಧವಾದುದು. ವೃದ್ಧ ಆರ್ಗನ್ ವಾದಕನ ಹುದ್ದೆಯೊಡನೆ ಅವನ ಮಗಳನ್ನೂ ವರಿಸಬೇಕಾಗಿದ್ದ ಪ್ರಸಂಗ ಅದಕ್ಕಿಂತ ರಂಜಕ. ಆದರೆ ಬುಕ್ಸ್ಟೆಹೂಡೆಯೂ 1668ರಲ್ಲಿ ಸಂತ ಮೇರಿ ಚರ್ಚಿನ ಹುದ್ದೆಗೆ ಬಂದಾಗ ಪೂರ್ವಾಧಿಕಾರಿ ಟುಂಡರ್‌ನ ಮಗಳನ್ನೇ ವರಿಸಿದ್ದನೆಂಬುದನ್ನು ಕಥೆಗಾರರು ಮರೆಯುತ್ತಾರೆ.

ಬಾಖ್ ಅಲ್ಲಿ ಅರಸಿದ್ದು ಕೇವಲ ಆರ್ಗನ್ ವಾದನವನ್ನೇ? ಬಾಲ್ಯದಲ್ಲಿಯೇ ಅವನು ಬುಕ್ಸ್ಟೆಹೂಡೆಯ ದೀರ್ಘ ಕೃತಿಯೊಂದನ್ನು ನಕಲು ಮಾಡಿಕೊಂಡಿದ್ದ ಹಾಳೆಗಳು ವೈಮಾರ್‌ನಲ್ಲಿ ಪತ್ತೆಯಾಗಿರುವುದು 2006ರಲ್ಲಿ ಪ್ರಕಟವಾಯಿತು. ಆರ್ಗನ್ ಕೃತಿಗಳ ಪರಿಚಯ ಮೊದಲೇ ಇದ್ದಿತೆಂದಾಯಿತು. ಆ ವರ್ಷದ ಡಿಸೆಂಬರ್ 2 ಮತ್ತು 3ರಂದು ಲ್ಯೂಬೆಕ್‌ನಲ್ಲಿ ಚಕ್ರವರ್ತಿ ಲಿಯೋಪೋಲ್ಡನ ಮರಣಕ್ಕೂ ಜೋಸೆಫನ ಪಟ್ಟಾಭಿಷೇಕಕ್ಕೂ ಸಂಬಂಧಿಸಿದ ಎರಡು ಭವ್ಯ 'ಸಂಧ್ಯಾಸಂಗೀತ' ಕೃತಿಗಳು ನಡೆದವು. ಅವುಗಳ ಸಾಹಿತ್ಯ ಉಳಿದಿದೆ, ಸ್ವರಲಿಪಿ ಅಳಿದಿದೆ. ವರ್ತಕರ ದೇಣಿಗೆಯಿಂದ ಸಾಗುತ್ತಿದ್ದ ಈ ಉಚಿತ ಸಂಗೀತಗೋಷ್ಠಿಗಳೇ ಬುಕ್ಸ್ಟೆಹೂಡೆಯ ಮಹತ್ವಾಕಾಂಕ್ಷೆಯಾಗಿದ್ದವು. ಅವನನ್ನು ಆರ್ಗನ್‌ಕಾರನೆಂದಷ್ಟೇ ಅಳೆಯುವ ವಿಮರ್ಶೆ ಆಕಸ್ಮಿಕವಾಗಿ ಉಳಿದುದನ್ನೇ ಸಮಗ್ರವೆಂದು ಭ್ರಮಿಸಿದೆ.

ಆರ್ಗನ್ ಕೃತಿಗಳ ಮಹತ್ತ್ವವನ್ನು ಇದು ಕುಗ್ಗಿಸದು. ಡಿ ಮೈನರ್ ಪಸಕಾಲಿಯಾದಲ್ಲಿ ನಾಲ್ಕು ಮಾತ್ರಾಗಣಗಳ ಮಂದ್ರಸ್ವರಪಂಕ್ತಿ 28 ಬಾರಿ ಆವರ್ತಿಸುತ್ತದೆ. ಏಳೇಳು ಆವೃತ್ತಿಗಳ ನಾಲ್ಕು ಖಂಡಗಳು; ಶ್ರುತಿನೆಲೆ ಬದಲಾಗಿ ಕೊನೆಗೆ ಮೊದಲಿನ ನೆಲೆಗೇ ಮರಳುತ್ತದೆ. ಇಷ್ಟು ಕಟ್ಟುನಿಟ್ಟಿನ ಲೆಕ್ಕಾಚಾರ ಕೇಳುಗನಿಗೆ ಲೆಕ್ಕವಾಗಿ ತೋರುವುದಿಲ್ಲ.

ಆದರೂ ಅವನ ಹೃದಯಸ್ಥಾನ 1680ರ 'ಮೆಂಬ್ರಾ ಯೆಸು ನೋಸ್ತ್ರಿ'. ಶಿಲುಬೆಯ ಮೇಲಿನ ಕ್ರಿಸ್ತನ ಪಾದದಿಂದ ಮುಖದವರೆಗೆ ಏರುವ ಏಳು ಗಾನಗುಚ್ಛಗಳಲ್ಲಿ ಆರನೆಯದು, ಹೃದಯದ್ದು, ಪಿಟೀಲುಗಳನ್ನು ಮೌನವಾಗಿಸಿ ಐದು ವಯೋಲ್‌ಗಳನ್ನು ಕರೆತರುತ್ತದೆ. ನಾದದ ಬಣ್ಣವೇ ಇಲ್ಲಿ ಭಾವಾರ್ಥ. ಇದು ಉಳಿದಿರುವುದೂ ಸ್ವೀಡನ್ ಅರಮನೆಯ ಸಂಗೀತ ನಿರ್ದೇಶಕ ಗುಸ್ಟಾಫ್ ಡ್ಯೂಬೆನ್‌ನ ಆಸಕ್ತಿಯಿಂದ. ಅವನ ಸಂಗ್ರಹ 1732ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯವನ್ನು ಸೇರಿತು. 1942ರ ಬಾಂಬ್ ದಾಳಿಯಲ್ಲಿ ಸಂತ ಮೇರಿ ಚರ್ಚಿನ ಆರ್ಗನ್‌ಗಳು ಬೂದಿಯಾದವು. ಲ್ಯೂಬೆಕ್ ಕಾಯ್ದುಕೊಳ್ಳದುದನ್ನು ಉಪ್ಸಾಲಾ ಕಾಯ್ದುಕೊಂಡಿತ್ತು.