ಎಪ್ಪತ್ತೈದು ವ್ಯಾಟಿನ ಲೆಕ್ಕ

ಹಳೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಕೂರಿಸಿ ಗೇಮಿಂಗ್ ಪಿಸಿ ಮಾಡಿಕೊಳ್ಳುವ ರೂಢಿ ಬೆಂಗಳೂರಿನ ಸುತ್ತಲ ಊರುಗಳಲ್ಲಿ ಚೆನ್ನಾಗಿಯೇ ಬೇರೂರಿದೆ. ಆಫೀಸುಗಳು ಬಳಸಿ ಹೊರಹಾಕಿದ ಡೆಲ್, ಎಚ್‌ಪಿ ಡೆಸ್ಕ್‌ಟಾಪುಗಳು ಎಸ್.ಪಿ. ರೋಡಿಗೆ ಬರುತ್ತವೆ, ಅಲ್ಲಿಂದ ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಯ ಮನೆಗಳನ್ನು ಸೇರುತ್ತವೆ. ಮಾಕಳಿದುರ್ಗದ ಹುಡುಗರಿಗಂತೂ ಇದು ಕೈಗೆಟಕುವ ದಾರಿ. ಊರಿನ ಬೆಟ್ಟದ ಬುಡದಲ್ಲೇ ರೈಲ್ವೆ ಸ್ಟೇಷನ್ನಿದೆ. ಬೆಂಗಳೂರಿಗೆ ಹೋಗಿ, ಸಿಟಿ ಮಾರ್ಕೆಟ್ ಹತ್ತಿರದ ಆ ಗಲ್ಲಿಗಳನ್ನೆಲ್ಲ ಸುತ್ತಿ, ಸಂಜೆಗೆ ಡಬ್ಬ ಹಿಡಿದು ಮನೆಗೆ ಬರಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಬಹುಮಟ್ಟಿಗೆ ಒಪ್ಪುವುದೇ ಇಲ್ಲ. ಹೀಗಾಗಿ ಆಫೀಸಿಗೆ ಬೇಡವಾದರೂ ಮನೆಗೆ ಧಾರಾಳವಾಗಿ ಸಾಲುವ ಯಂತ್ರಗಳಿಗೆ ಈಗ ಬರವಿಲ್ಲ.

ಈ ರೂಢಿಯ ಬಗ್ಗೆ ನನಗೆ ತಕರಾರಿಲ್ಲ. ಇನ್ನೂ ಉಸಿರಿರುವ ಯಂತ್ರವನ್ನು ಗುಜರಿಗೆ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ತಕರಾರಿರುವುದು ಜೋಡಿ ಕೂಡಿಸುವ ಕ್ರಮದ ಬಗ್ಗೆ. ಹಳೆ ಪಿಸಿಗೂ ಹೊಸ ಕಾರ್ಡಿಗೂ ಎರಡು ಬಗೆಯಲ್ಲಿ ಹೊಂದಾಣಿಕೆ ತಪ್ಪಬಹುದು. ಒಂದರಲ್ಲಿ ಕೊಟ್ಟ ದುಡ್ಡಿಗೆ ತಕ್ಕ ಫಲ ಸಿಗುವುದಿಲ್ಲ, ಅಷ್ಟೆ. ಇನ್ನೊಂದರಲ್ಲಿ ವೈರ್ ಕರಗುತ್ತದೆ, ಬೋರ್ಡ್ ಸುಡುತ್ತದೆ. ನಮ್ಮವರು ಹೆದರುವುದೆಲ್ಲ ಮೊದಲನೆಯದಕ್ಕೆ. ಎರಡನೆಯದನ್ನು ಕೇಳುವವರೇ ಇಲ್ಲ.

ಮಾಕಳಿದುರ್ಗದಲ್ಲಿರುವ ನನ್ನ ಅಕ್ಕನ ಮಗನ ಪಿಸಿಯನ್ನೇ ನೋಡಿ. ಐ5-4590 ಪ್ರೊಸೆಸರ್, ನಾಲ್ಕು ಕೋರ್, 2014ರದು, ಒಂದೇ ಕಡ್ಡಿಯ 8 ಜಿಬಿ ರ‍್ಯಾಮ್, ಲೋಕಲ್ ಕ್ಯಾಬಿನೆಟ್. "ಮಾವ, 8 ಜಿಬಿ ಕಾರ್ಡ್ ತಗೊಂಡ್ರೆ ಜಿಟಿಎ ಲ್ಯಾಗ್ ಆಗಲ್ಲ ತಾನೆ? ಬಾಟಲ್‌ನೆಕ್ ಎಷ್ಟು ಪರ್ಸೆಂಟ್ ಬರುತ್ತೆ?" ಎಂದು ಅವನ ಪ್ರಶ್ನೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆಸಿ, ಪಿಸಿಗೆಲ್ಲ ವಿದ್ಯುತ್ ಹಂಚುವ ಡಬ್ಬದ, ಅಂದರೆ ಎಸ್‌ಎಂಪಿಎಸ್ಸಿನ, ಮೇಲಿನ ಚೀಟಿ ಓದಿಸಿದೆ. ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಅದರ ಕೆಳಗೆ ಕಣ್ಣು ಕಿರಿದು ಮಾಡಿ ಓದಬೇಕಾದ ಒಂದು ಪಟ್ಟಿ: 3.3 ವೋಲ್ಟಿಗೆ ಇಷ್ಟು, 5 ವೋಲ್ಟಿಗೆ ಇಷ್ಟು, 12 ವೋಲ್ಟಿಗೆ 14 ಆಂಪಿಯರ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಈ 12 ವೋಲ್ಟಿನ ಪಾಲನ್ನೇ. 12ನ್ನು 14ರಿಂದ ಗುಣಿಸಿದರೆ 168. ನಾನೂರೈವತ್ತು ಎಂಬುದು ಬರೀ ಹೆಸರಿಗೆ. ಆ 168ರಲ್ಲಿ ಪ್ರೊಸೆಸರಿಗೆ 84 ವ್ಯಾಟ್ ತೆಗೆದು, ಹಾರ್ಡ್‌ಡಿಸ್ಕಿಗೂ ಫ್ಯಾನುಗಳಿಗೂ ಒಂದಿಷ್ಟು ಬಿಟ್ಟರೆ ಕಾರ್ಡಿಗೆ ಉಳಿಯುವುದು ಎಪ್ಪತ್ತರ ಆಸುಪಾಸು. ಅದೂ ಹೊಸದಿದ್ದಾಗಿನ ಲೆಕ್ಕ. ಹತ್ತು ವರ್ಷ ದೂಳು ಕುಡಿದ ಎಸ್‌ಎಂಪಿಎಸ್ಸಿನೊಳಗಿನ ಕೆಪಾಸಿಟರುಗಳು ಅಷ್ಟನ್ನೂ ಕೊಡುತ್ತವೆಂಬ ಭರವಸೆಯಿಲ್ಲ.

ದೊಡ್ಡಬಳ್ಳಾಪುರದ ನೇಕಾರರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಶೆಡ್ಡಿಗೆ ಎಷ್ಟು ಎಚ್.ಪಿ. ಮಂಜೂರಾಗಿದೆಯೋ ಅಷ್ಟಕ್ಕೆ ತಕ್ಕ ಮಗ್ಗ ಹಾಕುತ್ತಾರೆಯೇ ಹೊರತು, ಮಗ್ಗ ಚೆನ್ನಾಗಿದೆಯೆಂದು ತಂದಿಳಿಸಿ ಆಮೇಲೆ ಕರೆಂಟಿನ ಬಗ್ಗೆ ಯೋಚಿಸುವುದಿಲ್ಲ.

ಕಾರ್ಡ್ ಕೂರುವ ಸ್ಲಾಟ್ ಕೊಡಬಹುದಾದದ್ದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಎಸ್‌ಎಂಪಿಎಸ್ಸಿನಿಂದ ನೇರವಾಗಿ 6 ಪಿನ್ನಿನ ವೈರ್ ಬರಬೇಕು, ಅದು ಇನ್ನೊಂದು 75 ಕೊಡುತ್ತದೆ. 8 ಪಿನ್ನಿನದಾದರೆ 150. ಈ ಗಡಿಯನ್ನು ತಯಾರಕರೇ ದಾಟಿದ್ದುಂಟು. 2016ರ ಜೂನಿನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 480 ಸ್ಲಾಟಿನಿಂದಲೇ ಮಿತಿಗಿಂತ ಹೆಚ್ಚು ಎಳೆಯುತ್ತಿದೆಯೆಂದು ಗದ್ದಲವಾಗಿ, ಜುಲೈನಲ್ಲಿ ಕಂಪನಿ ಹೊಸ ಡ್ರೈವರ್ ಬಿಟ್ಟು ಸರಿಪಡಿಸಬೇಕಾಯಿತು. ನಮ್ಮಲ್ಲಿ ಈ ಗಡಿ ದಾಟಿಸುವ ಕೆಲಸವನ್ನು ಒಂದು ಸಣ್ಣ ಕನ್ವರ್ಟರ್ ವೈರ್ ಮಾಡುತ್ತದೆ. ಹಾರ್ಡ್‌ಡಿಸ್ಕಿನ ಸಾಟಾ ಪಿನ್ನನ್ನು ಕಾರ್ಡಿನ 6 ಪಿನ್ನಿಗೆ ಜೋಡಿಸುವ ವೈರ್ ಅದು. ಸಾಟಾ ಪಿನ್ 12 ವೋಲ್ಟಿನಲ್ಲಿ ತಡೆಯುವುದು 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರಿಂದ 75 ಎಳೆದರೆ ಮೊದಲು ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಆಮೇಲೆ ವಾಸನೆ ಬರುತ್ತದೆ. ಈ ಇಡೀ ವ್ಯವಹಾರದಲ್ಲಿ ಖಂಡಿತ ಬೇಡವೆನ್ನಬೇಕಾದ ವಸ್ತು ಇದೊಂದೇ.

ಆಫೀಸಿನಿಂದ ಬಂದ ಬ್ರ್ಯಾಂಡೆಡ್ ಪಿಸಿಯ ಕತೆ ಬೇರೆ. ಡೆಲ್ ಆಪ್ಟಿಪ್ಲೆಕ್ಸ್ 9020 ಟವರಿನ ಎಸ್‌ಎಂಪಿಎಸ್ 290 ವ್ಯಾಟಿನದು. ಚೀಟಿಯಲ್ಲಿ ಸಣ್ಣ ಅಂಕಿ, ಆದರೆ ಬರೆದಷ್ಟನ್ನು ಕೊಡುತ್ತದೆ. ತೊಂದರೆಯೆಂದರೆ ಕಾರ್ಡಿಗೆಂದು ಪ್ರತ್ಯೇಕ ಪಿನ್ ಇಲ್ಲ, ಬೋರ್ಡಿಗೆ ಹೋಗುವ ವೈರೂ ಡೆಲ್‌ನದೇ ಅಳತೆಯದು, ಹೊರಗಿನ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ. ಹಾಗಾಗಿ ಇಂಥ ಪಿಸಿಗೆ ಪಿನ್ನಿಲ್ಲದ ಕಾರ್ಡೇ ಗತಿ. ಅದನ್ನು ಬಡವರ ಪಾಲೆಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ 75 ವ್ಯಾಟಿನೊಳಗೇ ಕಾರ್ಡುಗಳು ಮಾಡಿರುವ ಪ್ರಗತಿ ದೊಡ್ಡದು. 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650, 2024ರ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ, ಇವು ಮೂರೂ ಆ ಮಿತಿಯೊಳಗಿನವೇ. ಕೊನೆಯದು 70 ವ್ಯಾಟಿನದು. ಇವತ್ತು ಹೊಸದು ಕೊಳ್ಳುವುದಾದರೆ ಹಳೆ ಆಫೀಸ್ ಟವರಿಗೆ ನನ್ನ ಮತ ಅದಕ್ಕೇ. 1050 ಟಿಐ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗ, ನಿಜ; ಆದರೆ ಆ ಪೀಳಿಗೆಗೆ ಹೊಸ ಗೇಮುಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ಮುಗಿಸಿತು. ಹಳೆಯ ಗೇಮುಗಳಷ್ಟೇ ಸಾಕೆನ್ನುವವರಿಗೆ ಈಗಲೂ ಅಡ್ಡಿಯಿಲ್ಲ.

ವಿದ್ಯುತ್ತಿನ ಲೆಕ್ಕ ಸರಿಯಿದ್ದೂ ಕೆಡುವ ಜೋಡಿಯೊಂದಿದೆ. 2022ರ ಜನವರಿಯಲ್ಲಿ ಎಎಂಡಿ ಆರ್‌ಎಕ್ಸ್ 6500 ಎಕ್ಸ್‌ಟಿ ತಂದಿತು. ಸ್ಲಾಟಿನೊಡನೆ ಮಾತಾಡಲು ಅದಕ್ಕಿರುವುದು ನಾಲ್ಕೇ ಲೇನ್. ಪಿಸಿಐಇ 4.0 ಇರುವ ಹೊಸ ಬೋರ್ಡಿನಲ್ಲಿ ಆ ನಾಲ್ಕರಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಓಡಾಡುತ್ತದೆ, 3.0 ಬೋರ್ಡಿನಲ್ಲಿ ಅರ್ಧ. 4ನೇ ತಲೆಮಾರಿನ ಐ5ಗೆ ಜನ ಕೊಳ್ಳುತ್ತಿದ್ದ ಅಗ್ಗದ ಎಚ್81 ಬೋರ್ಡುಗಳಲ್ಲಿ ಸ್ಲಾಟ್ ಇರುವುದು 2.0, ಅಲ್ಲಿಗೆ ಕಾಲು ಭಾಗಕ್ಕಿಳಿಯಿತು. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ಮುಗ್ಗರಿಸುತ್ತದೆ. ಕಡಿಮೆ ಬೆಲೆಯ ಕಾರ್ಡ್ ಕೊಳ್ಳುವವರಲ್ಲಿ ಹೆಚ್ಚಿನವರ ಬಳಿ ಇರುವುದು ಹಳೆಯ ಬೋರ್ಡೇ. ಅವರಿಗೆಂದು ಮಾರಿದ ಕಾರ್ಡ್ ಅವರ ಬೋರ್ಡಿನಲ್ಲೇ ಸೋಲುವಂತೆ ಮಾಡಿದ್ದನ್ನು ನಾನು ಒಳ್ಳೆಯ ವಿನ್ಯಾಸ ಎನ್ನಲಾರೆ. ಇಂಟೆಲ್‌ನ ಆರ್ಕ್ ಕಾರ್ಡುಗಳ ಬಗ್ಗೆಯೂ ಇದೇ ಎಚ್ಚರಿಕೆ: ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಹಳೆ ಬೋರ್ಡಿನಲ್ಲಿ ಅವು ಅರೆಮನಸ್ಸಿನಿಂದ ಓಡುತ್ತವೆ.

ಇನ್ನು ಬಾಟಲ್‌ನೆಕ್, ಅಂದರೆ ಪ್ರೊಸೆಸರ್, ಕಾರ್ಡುಗಳಲ್ಲಿ ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸುವುದು. ಪ್ರೊಸೆಸರಿನ ಹೆಸರೂ ಕಾರ್ಡಿನ ಹೆಸರೂ ಕೊಟ್ಟರೆ ಶೇಕಡಾ ಇಷ್ಟು ಎಂದು ಹೇಳುವ ಕ್ಯಾಲ್ಕುಲೇಟರುಗಳಿಗೆ ಹುಡುಗರು ಜೋತುಬಿದ್ದಿದ್ದಾರೆ. ಯಾವ ಗೇಮ್, ಯಾವ ಮಾನಿಟರ್, ಯಾವ ಸೆಟ್ಟಿಂಗ್ ಎಂಬುದರ ಮೇಲೆ ಕ್ಷಣಕ್ಷಣಕ್ಕೂ ಬದಲಾಗುವ ಸಂಗತಿಗೆ ಒಂದೇ ಅಂಕಿ ಕಟ್ಟುವುದು ಅಸಂಬದ್ಧ. ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ ಇದಕ್ಕಿಂತ ಎಷ್ಟೋ ವಾಸಿ. ಇರುವ ಪಿಸಿಯಲ್ಲೇ ಆಟದ ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಏರಿದರೆ ಕಾರ್ಡ್ ಸೋತಿದೆ, ಬದಲಿಸಿದರೆ ಫಲವಿದೆ. ಏರದಿದ್ದರೆ ಪ್ರೊಸೆಸರ್ ಸೋತಿದೆ, ಎಂಥ ಕಾರ್ಡ್ ತಂದರೂ ಅಷ್ಟೇ. ಕೆಲವೊಮ್ಮೆ ಕೊರತೆ ಇವೆರಡರದೂ ಅಲ್ಲ: ಅಕ್ಕನ ಮಗನ ಪಿಸಿಯಲ್ಲಿ ಜಿಟಿಎ ಆಗಾಗ ತಡವರಿಸುತ್ತಿದ್ದುದು ಇನ್ನೊಂದು 8 ಜಿಬಿ ರ‍್ಯಾಮ್ ಕಡ್ಡಿ ಹಾಕಿದ ಮೇಲೆ ಬಹಳಷ್ಟು ಕಡಿಮೆಯಾಯಿತು. ಅವನ ಮಾನಿಟರ್ 60 ಹರ್ಟ್ಸಿನದು. 140 ಎಫ್‌ಪಿಎಸ್ ಬಂದರೂ ಅದು ತೋರಿಸುವುದು ಅರವತ್ತನ್ನೇ.

ಅಷ್ಟಕ್ಕೂ, ಹಳೆ ಪ್ರೊಸೆಸರಿನ ಜೊತೆ ಸ್ವಲ್ಪ ಜಾಸ್ತಿ ಶಕ್ತಿಯ ಕಾರ್ಡಿದ್ದರೆ ನಷ್ಟವೇನು? ನಾಳೆ ಬೋರ್ಡ್ ಬದಲಿಸಿದಾಗ ಅದೇ ಕಾರ್ಡ್ ಅಲ್ಲಿಗೆ ಹೋಗುತ್ತದೆ. 115 ವ್ಯಾಟಿನ ಆರ್‌ಟಿಎಕ್ಸ್ 4060ಯನ್ನು, ಒಳ್ಳೆಯ ಎಸ್‌ಎಂಪಿಎಸ್ ಸಮೇತ, ಇವತ್ತು ಐ5-4590ಗೆ ಹಾಕುವವನನ್ನು ನಾನು ಹೀಗಳೆಯುವುದಿಲ್ಲ. ಎರಡೂ ಮುಂದಿನ ಪಿಸಿಗೆ ಬರುವ ಸಾಮಾನುಗಳೇ. ಹೀಗಳೆಯಬೇಕಾದದ್ದು ಕ್ರಿಪ್ಟೋ ಗಣಿಗಾರಿಕೆಯಲ್ಲಿ ಬೆಂದ ಆರ್‌ಎಕ್ಸ್ 580ಯನ್ನು ಲೋಕಲ್ ಎಸ್‌ಎಂಪಿಎಸ್ಸಿಗೆ ಸಿಕ್ಕಿಸುವುದನ್ನು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಗಣಿಗಾರಿಕೆಗೆ ಕಾರ್ಡು ಬೇಡವಾದ ಮೇಲೆ ಅಂಥವು ಮಾರುಕಟ್ಟೆಗೆ ರಾಶಿ ಬಿದ್ದವು. 185 ವ್ಯಾಟ್ ಬೇಡುವ ಕಾರ್ಡ್ ಅದು. ಮೇಲೆ ನೋಡಿದ 168ರ ಚೀಟಿಗೆ ಅದೊಂದೇ ಹೆಚ್ಚಾಯಿತು.

ಯುಪಿಎಸ್ ಕೂಡ ಈ ಲೆಕ್ಕದೊಳಗೇ ಬರಬೇಕು, ಬರುವುದಿಲ್ಲ. ಕರೆಂಟ್ ಹೋಗಿಬರುವ ಊರಿನಲ್ಲಿ 600 ವಿಎ ಯುಪಿಎಸ್ ಪ್ರತಿ ಮೇಜಿನ ಕೆಳಗೂ ಇದೆ. ಸಾಮಾನ್ಯವಾಗಿ ಅದು ಹೊರುವುದು 360 ವ್ಯಾಟ್, ಮಾನಿಟರ್ ಸೇರಿ. ದೊಡ್ಡ ಕಾರ್ಡ್ ಹಾಕಿದ ಪಿಸಿ ಆಟದ ನಡುವೆ ಕರೆಂಟ್ ಹೋದ ಕ್ಷಣವೇ ಆರಿಹೋದರೆ ಕಾರ್ಡನ್ನು ಬೈಯುವುದು ವ್ಯರ್ಥ. ಪಿನ್ನಿಲ್ಲದ ಕಾರ್ಡಿನ ಪಿಸಿ ಈ ಮಿತಿಯೊಳಗೆ ನೆಮ್ಮದಿಯಾಗಿರುತ್ತದೆ.

ಕಾರ್ಡೇ ಬೇಡವೆನ್ನಬೇಕಾದ ಸಂದರ್ಭವೂ ಇದೆ. ವ್ಯಾಲೊರಂಟ್ ಆಡುವವನು ಹಳೆ ಐ5ಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಂಡರೆ ಗೇಮು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಕೇಳಿ ಬಾಗಿಲಲ್ಲೇ ನಿಲ್ಲಿಸುತ್ತದೆ. ಅದು ಓಡಲು ಭಾರೀ ಕಾರ್ಡೂ ಬೇಕಿಲ್ಲ. ಅಂಥವರು ಕಾರ್ಡಿನ ದುಡ್ಡಿನಲ್ಲಿ 8ನೇ ತಲೆಮಾರಿನದೊಂದು ಹಳೆ ಆಫೀಸ್ ಟವರ್ ಹುಡುಕಲಿ, ಕಾರ್ಡನ್ನು ಮುಂದಿನ ವರ್ಷ ನೋಡಿಕೊಳ್ಳಲಿ.